ಸ್ವತಂತ್ರ ಚಲನಚಿತ್ರಗಳಲ್ಲಿ ಬಿಡಿಯಾಗಿ ದುಡಿಯುವವರ ಸಂಭಾವನೆ ಮತ್ತು ಹೆಸರು ನಮೂದನೆ

ಪ್ರಸ್ತಾವನೆ:

ಚಲನಚಿತ್ರ ನಿರ್ಮಾಣವು ಇಂದು ಬೆಂಗಳೂರಿಗೆ ಮಾತ್ರ ಸೀಮಿತವಾಗಿರುವುದಿಲ್ಲ. ಕೊಪ್ಪಳ ಜಿಲ್ಲೆಯ ಯರೇಹಂಚಿನಾಳದಲ್ಲಿ ಸ್ಥಳೀಯರನ್ನೇ ಬಳಸಿಕೊಂಡು ನಿರ್ಮಿಸಲಾದ "ಶಿವಮ್ಮ" ಚಿತ್ರವು 2022ರಲ್ಲಿ ಬುಸಾನ್ ಅಂತರರಾಷ್ಟ್ರೀಯ ಚಲನಚಿತ್ರೋತ್ಸವದ ನ್ಯೂ ಕರೆಂಟ್ಸ್ ಪ್ರಶಸ್ತಿಯನ್ನು ಪಡೆದಿರುತ್ತದೆ. ಇಂತಹ ಕಡಿಮೆ ವೆಚ್ಚದ ಚಿತ್ರಗಳಿಗೆ ದುಡಿಯುವವರು ಹಲವು ಬಾರಿ ಬಾಯಿಮಾತಿನ ಮೇಲೆಯೇ ಕೆಲಸ ಒಪ್ಪಿಕೊಳ್ಳುವುದುಂಟು.

ಉದಾಹರಣೆಗೆ, ಧಾರವಾಡ ತಾಲ್ಲೂಕಿನ ಮುಗದದ ಕೆರೆಯ ದಂಡೆಯಲ್ಲಿ ಹತ್ತು ದಿನ ಚಿತ್ರೀಕರಣ ನಡೆದು, ಅದೇ ಗ್ರಾಮದ ಯುವಕನೊಬ್ಬನು ಧ್ವನಿಗ್ರಹಣ ಮಾಡಿದನೆಂದು ಇಟ್ಟುಕೊಳ್ಳಬಹುದು. ಅಲ್ಪ ಮುಂಗಡ ನೀಡಿ, "ಬಾಕಿ ಹಣ ಬಿಡುಗಡೆಯಾದ ಮೇಲೆ" ಎಂದು ತಿಳಿಸಲಾಗುತ್ತದೆ. ಚಿತ್ರವು ಬಿಡುಗಡೆಯಾಗದಿದ್ದಲ್ಲಿ ಹಣವೂ ಇಲ್ಲ. ಬಿಡುಗಡೆಯಾಗಿಯೂ ಹೆಸರು ಬಾರದಿದ್ದಲ್ಲಿ ಮುಂದಿನ ಕೆಲಸ ಕೇಳಲು ಆಧಾರವೂ ಇಲ್ಲ.

ಕಾನೂನಿನ ಸ್ಥಿತಿ:

1957ರ ಕೃತಿಸ್ವಾಮ್ಯ ಅಧಿನಿಯಮದ 57ನೇ ಪ್ರಕರಣವು ಕೃತಿಕಾರರಿಗೂ, 38ಬಿ ಪ್ರಕರಣವು ಪ್ರದರ್ಶನಕಾರರಿಗೂ ತಮ್ಮ ಹೆಸರನ್ನು ಕೇಳುವ ಹಕ್ಕನ್ನು ನೀಡಿವೆ. ಆದರೆ ಚಲನಚಿತ್ರದ ಕೃತಿಕಾರನೆಂದರೆ ಅದರ ನಿರ್ಮಾಪಕನೇ ಆಗಿರುತ್ತಾನೆ. ಧ್ವನಿಗ್ರಾಹಕರು, ಸಂಕಲನಕಾರರು, ಸಹಾಯಕರು ಮುಂತಾದವರಿಗೆ ಈ ಹಕ್ಕು ಸ್ಪಷ್ಟವಾಗಿ ದೊರೆತಿರುವುದಿಲ್ಲ. ಅವರಿಗೆ ಕರಾರುಪತ್ರವೇ ಮುಖ್ಯ ಆಧಾರ.

ಔದ್ಯೋಗಿಕ ಸುರಕ್ಷತೆ, ಆರೋಗ್ಯ ಮತ್ತು ಕೆಲಸದ ಪರಿಸ್ಥಿತಿಗಳ ಸಂಹಿತೆ, 2020 ದಿನಾಂಕ 21-11-2025ರಿಂದ ಜಾರಿಗೆ ಬಂದಿದ್ದು, ಅದರ ವ್ಯಾಪ್ತಿಗೆ ಬರುವ ದೃಶ್ಯ-ಶ್ರವ್ಯ ಕೆಲಸಗಾರರೊಂದಿಗೆ ಲಿಖಿತ ಕರಾರು ಮಾಡಿಕೊಳ್ಳುವುದು ಕಡ್ಡಾಯವಾಗಿರುತ್ತದೆ.

ಕರಾರಿನಲ್ಲಿ ಇರಬೇಕಾದ ಅಂಶಗಳು:

1. ಕೆಲಸದ ಸ್ವರೂಪ, ದಿನಗಳ ಸಂಖ್ಯೆ, ಒಟ್ಟು ಸಂಭಾವನೆ ಹಾಗೂ ಪ್ರಯಾಣ ವೆಚ್ಚ.
2. ಪಾವತಿಯ ಕಂತುಗಳು. ಕಂತುಗಳನ್ನು ಬಿಡುಗಡೆಗೆ ಜೋಡಿಸದೆ, ಕೆಲಸ ಮುಗಿಯುವ ಹಂತಗಳಿಗೆ ಜೋಡಿಸುವುದು ಸೂಕ್ತ.
3. ಟೈಟಲ್ ಕಾರ್ಡಿನಲ್ಲಿ ಬರಬೇಕಾದ ಹೆಸರು, ಅದರ ಅಕ್ಷರಗಳು ಮತ್ತು ಹುದ್ದೆ.
4. ಕಥೆ, ಸಾಹಿತ್ಯ ಅಥವಾ ಸಂಗೀತದ ಹಕ್ಕನ್ನು ಬರೆದುಕೊಡುವುದಾದಲ್ಲಿ ಅವಧಿ ಮತ್ತು ಪ್ರದೇಶ. ಇವನ್ನು ನಮೂದಿಸದಿದ್ದಲ್ಲಿ ಅವಧಿ 5 ವರ್ಷ, ಪ್ರದೇಶ ಭಾರತ ಎಂದು ಪರಿಗಣಿಸಲಾಗುವುದು.

ಪ್ರಮಾಣಪತ್ರ ಪಡೆದ ನಂತರ ಚಿತ್ರದಲ್ಲಿ ಮಾಡುವ ಬದಲಾವಣೆಗಳನ್ನು ಕೇಂದ್ರ ಚಲನಚಿತ್ರ ಪ್ರಮಾಣೀಕರಣ ಮಂಡಳಿಗೆ ತಿಳಿಸಬೇಕಾಗುವುದರಿಂದ, ಹೆಸರುಗಳ ಪಟ್ಟಿಯನ್ನು ಅದಕ್ಕೂ ಮೊದಲೇ ನೋಡಿ ತಿದ್ದಿಸಿಕೊಳ್ಳತಕ್ಕದ್ದು.

ಹಣ ಬಾರದಿದ್ದಲ್ಲಿ:

ಸ್ವಂತ ವೃತ್ತಿಯಾಗಿ ಸೇವೆ ಒದಗಿಸುವವರು ಉದ್ಯಮ್ ಪೋರ್ಟಲ್‌ನಲ್ಲಿ ಉಚಿತವಾಗಿ ನೋಂದಾಯಿಸಿಕೊಳ್ಳಬಹುದು. ಕೆಲಸ ಒಪ್ಪಿಕೊಳ್ಳುವ ಮೊದಲೇ ನೋಂದಣಿ ಮಾಡಿಸುವುದು ಅವಶ್ಯಕ. 2006ರ ಸೂಕ್ಷ್ಮ, ಸಣ್ಣ ಮತ್ತು ಮಧ್ಯಮ ಉದ್ಯಮಗಳ ಅಭಿವೃದ್ಧಿ ಅಧಿನಿಯಮದ ಪ್ರಕಾರ ಕರಾರಿನಲ್ಲಿ ಎಷ್ಟೇ ಅವಧಿ ಬರೆದಿದ್ದರೂ ಪಾವತಿಯು 45 ದಿನಗಳನ್ನು ಮೀರುವಂತಿಲ್ಲ. ವಿಳಂಬವಾದಲ್ಲಿ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ ಸಲ್ಲತಕ್ಕದ್ದು. ಈ ಬಗ್ಗೆ ಸೌಲಭ್ಯ ಮಂಡಳಿಗೆ ಆನ್‌ಲೈನ್ ಮೂಲಕ ದೂರು ಸಲ್ಲಿಸಬಹುದು.

ಪಾವತಿಗೆ ದಿನಾಂಕ ಗೊತ್ತುಪಡಿಸದ ಕೆಲಸದ ಬಾಕಿಗೆ ಸಿವಿಲ್ ನ್ಯಾಯಾಲಯದಲ್ಲಿ ದಾವೆ ಹೂಡಲು ಕೆಲಸ ಮುಗಿದಂದಿನಿಂದ 3 ವರ್ಷಗಳ ಕಾಲಮಿತಿ ಇರುತ್ತದೆ. ಮಹಿಳೆಯರು, ಪರಿಶಿಷ್ಟ ಜಾತಿ ಮತ್ತು ಪಂಗಡದವರು ಹಾಗೂ ಕಡಿಮೆ ಆದಾಯದವರು ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರದಿಂದ ಉಚಿತ ಕಾನೂನು ನೆರವು ಪಡೆಯಬಹುದು.

ಬಿಲ್ಲಿನ ಪ್ರತಿ, ಬ್ಯಾಂಕ್ ವಿವರ, ಕೆಲಸದ ದಿನಚರಿ ಹಾಗೂ ವಾಟ್ಸಾಪ್ ಸಂದೇಶಗಳನ್ನು ಜೋಪಾನವಾಗಿ ಇಟ್ಟುಕೊಳ್ಳತಕ್ಕದ್ದು. ಸಿನಿ ಮತ್ತು ಸಾಂಸ್ಕೃತಿಕ ಕಾರ್ಯಕರ್ತರ ಕಲ್ಯಾಣಕ್ಕಾಗಿ ರಾಜ್ಯವು 2024ರಲ್ಲಿ ಪ್ರತ್ಯೇಕ ಅಧಿನಿಯಮವನ್ನು ರೂಪಿಸಿದೆ. ಚಿತ್ರರಂಗದಲ್ಲಿ ದುಡಿದಿರುವುದನ್ನು ತೋರಿಸಬೇಕಾದ ಸಂದರ್ಭದಲ್ಲಿಯೂ ಇವೇ ದಾಖಲೆಗಳು ನೆರವಿಗೆ ಬರುತ್ತವೆ.

ಕ್ಯಾಮೆರಾ ಹೊರತೆಗೆಯುವ ಮುನ್ನ ಒಂದು ಪುಟದ ಕರಾರಿಗೆ ಉಭಯತರರೂ ಸಹಿ ಮಾಡುವುದರಿಂದ ದುಡಿದವರಿಗೂ ನಿರ್ಮಾಪಕರಿಗೂ ಹಿತವಾಗುವುದು.