ಹೋರಿಗೆ ಹೆಸರಿದೆ, ಚಿತ್ರ ಬರೆದವನಿಗಿಲ್ಲ

ದೀಪಾವಳಿ ಬಂತೆಂದರೆ ಹಾವೇರಿ ಜಿಲ್ಲೆಯ ಹಳ್ಳಿಗಳಲ್ಲಿ ಹೋರಿ ಹಬ್ಬದ ಕಾಲ. ಕೊಂಬಿಗೆ ಬಣ್ಣ ಬಳಿಸಿಕೊಂಡು, ಬೆನ್ನಿಗೆ ಝೂಲ ಹೊದ್ದು, ಕೊರಳಿಗೆ ಒಣಕೊಬ್ಬರಿಯ ಸರ ಕಟ್ಟಿಸಿಕೊಂಡ ಹೋರಿ ಜನಸಂದಣಿಯ ನಡುವೆ ಓಡುತ್ತದೆ. ಅದನ್ನು ತಡೆದು ಕೊಬ್ಬರಿ ಹರಿಯಲು ಯುವಕರು ನುಗ್ಗುತ್ತಾರೆ. ಈ ಆಟ ಹಳೆಯದು. ಆದರೆ ಇದರ ಬೆನ್ನಿಗೇ ಹೊಸದೊಂದು ಹವ್ಯಾಸ ಸದ್ದಿಲ್ಲದೆ ಬೆಳೆದಿದೆ. ಹೋರಿ ಅಖಾಡಕ್ಕೆ ಬರುವ ಮೊದಲೇ ಅದರ ಚಿತ್ರ ಮೊಬೈಲುಗಳಿಗೆ ಬಂದಿರುತ್ತದೆ. ಅಂಗಳದಲ್ಲಿ ಸುಮ್ಮನೆ ನಿಂತಿದ್ದ ಹೋರಿ ಚಿತ್ರದಲ್ಲಿ ನೆಲ ಬಿಟ್ಟು ಹಾರುತ್ತಿರುತ್ತದೆ. ಕಾಲಡಿಯಲ್ಲಿ ಕೆಂಧೂಳು, ಹಿಂದೆ ಸಿಡಿಲು, ಮೇಲೆ ಉರಿಯುವ ಅಕ್ಷರಗಳಲ್ಲಿ ಹೋರಿಯ ಹೆಸರು. ಊರಿನ ಹೆಸರಿದೆ, ಮಾಲೀಕರ ಹೆಸರಿದೆ, ಅಭಿಮಾನಿ ಬಳಗದ ಹೆಸರೂ ಇದೆ. ಚಿತ್ರ ಮಾಡಿದವರದ್ದು ಮಾತ್ರ ಸಾಮಾನ್ಯವಾಗಿ ಇರುವುದಿಲ್ಲ.

ಇಂಥ ಚಿತ್ರ ಮಾಡುವವರಲ್ಲಿ ಹೆಚ್ಚಿನವರಿಗೆ ಇದು ಹೊಟ್ಟೆಪಾಡಲ್ಲ. ಹಗಲು ಕಾಲೇಜು, ಹೊಲ, ಅಂಗಡಿ, ಗ್ಯಾರೇಜು. ರಾತ್ರಿ ಊಟವಾದ ಮೇಲೆ ಒಂದೆರಡು ತಾಸು ಬೆಳಕಿನ ಪರದೆಯ ಮೇಲೆ ಬೆರಳಾಟ. ಹೋರಿಯ ಕಾಲ ಮುಗಿದರೆ ದೇವರ ಚಿತ್ರ, ಸಿನಿಮಾ ನಾಯಕರ ಚಿತ್ರ, ಗೆಳೆಯನ ಹುಟ್ಟುಹಬ್ಬದ ಚಿತ್ರ, ಯಾರೂ ಕೇಳದಿದ್ದಾಗ ತನ್ನಿಷ್ಟದ್ದು. ಪೇಟೆಯ ಕಲಾ ಶಾಲೆಗೆ ಹೋದವರು ಇದನ್ನು ಕಲೆಯೆಂದು ಒಪ್ಪುತ್ತಾರೋ ಇಲ್ಲವೋ, ಸಾವಿರಾರು ಜನ ನೋಡುತ್ತಿರುವುದಂತೂ ಇದನ್ನೇ.

ಕುಂಚ ಹೋಗಿ ಬೆರಳು ಬಂದ ಬಗೆ

ಧಾರವಾಡದಿಂದ ಬೇರ್ಪಟ್ಟು 1997ರಲ್ಲಿ ಹಾವೇರಿ ಜಿಲ್ಲೆಯಾದಾಗ ಹಾನಗಲ್ಲ, ಶಿಗ್ಗಾವಿ, ಸವಣೂರು, ಹಿರೇಕೆರೂರಿನ ಪೇಟೆಗಳಲ್ಲಿ ಅಕ್ಷರವೆಂದರೆ ಪೇಂಟರನ ಕುಂಚದ್ದೇ. ಕಿರಾಣಿ ಅಂಗಡಿಯ ಫಲಕ, ಲಾರಿಯ ಹಿಂಬದಿ, ನಾಟಕದ ಪರದೆ, ಚುನಾವಣೆಯ ಗೋಡೆ ಎಲ್ಲವೂ ಅವನ ಕೈಬರಹ. ಅಕ್ಷರ ನೋಡಿದೊಡನೆ ಇದು ಇಂಥವನದ್ದು ಎಂದು ಹೇಳುವವರಿದ್ದರು. 2000ದ ನಂತರ ಫ್ಲೆಕ್ಸ್ ಮುದ್ರಣ ಯಂತ್ರಗಳು ಬಂದವು. ಎರಡು ದಿನದ ಕೆಲಸ ಅರ್ಧ ಗಂಟೆಗೆ ಇಳಿಯಿತು, ಪೇಂಟರುಗಳು ಕುಂಚ ಕೆಳಗಿಟ್ಟರು. ಅಮೆರಿಕದ ನಾಲ್ ಸಹೋದರರು ರೂಪಿಸಿ 1990ರಲ್ಲಿ ಮಾರುಕಟ್ಟೆಗೆ ಬಂದ ಫೋಟೋಶಾಪ್ ಮತ್ತು ಅದಕ್ಕೂ ಒಂದು ವರ್ಷ ಹಿಂದಿನ ಕೋರೆಲ್‌ಡ್ರಾ, ತಾಲ್ಲೂಕು ಕೇಂದ್ರಗಳ ಡಿಟಿಪಿ ಅಂಗಡಿಗಳ ಮನೆಮಾತಾದವು.

ಆದರೂ ಅದು ಅಂಗಡಿಯವರ ವಿದ್ಯೆಯಾಗಿತ್ತು. ಗಣಕಯಂತ್ರ ಕೊಳ್ಳುವ ಶಕ್ತಿ ಎಷ್ಟು ಮನೆಗಳಿಗಿತ್ತು? ಹವ್ಯಾಸಿ ಹುಟ್ಟಿದ್ದು ಅಗ್ಗದ ಸ್ಮಾರ್ಟ್‌ಫೋನಿನಿಂದ. 2016ರ ಸೆಪ್ಟೆಂಬರಿನಲ್ಲಿ ಜಿಯೋ ಬಂದು ಡೇಟಾ ದರ ಕುಸಿಯಿತು. 2020ರಲ್ಲಿ ಕೊರೋನಾದಿಂದ ಶಾಲೆ ಮುಚ್ಚಿದಾಗ, ಪಾಠಕ್ಕೆಂದು ಮಕ್ಕಳ ಕೈಗೆ ಮೊಬೈಲು ಬಂತು. ಪಾಠ ಎಷ್ಟಾಯಿತೋ! ಚಿತ್ರ ಬರೆಯುವ ಆ್ಯಪ್‌ಗಳಂತೂ ಅದರಲ್ಲಿ ನೆಲೆಯೂರಿದವು. ಐಬಿಸ್ ಪೇಂಟ್, ಪಿಕ್ಸ್‌ಆರ್ಟ್‌ನಂಥವು ಜಾಹೀರಾತು ನೋಡುವ ತಾಳ್ಮೆಯಿದ್ದರೆ ದುಡ್ಡಿಲ್ಲದೆ ಸಿಗುತ್ತವೆ. ಲ್ಯಾಪ್‌ಟಾಪ್ ಇದ್ದವರಿಗೆ ಕ್ರಿಟಾ, ಇಂಕ್‌ಸ್ಕೇಪ್‌ಗಳು ಪೂರ್ತಿ ಉಚಿತ.

ಬೆರಳಿನಿಂದ ಬರೆಯುವುದು ಕಾಣುವಷ್ಟು ಸಲೀಸಲ್ಲ. ಯಾವ ಗೆರೆ ಎಳೆಯಬೇಕೋ ಅದನ್ನೇ ಬೆರಳು ಮುಚ್ಚಿಬಿಡುತ್ತದೆ. ಒತ್ತಿದರೆ ದಪ್ಪ, ತೇಲಿಸಿದರೆ ತೆಳು ಎನ್ನುವ ಕುಂಚದ ಗುಣ ಸಾಮಾನ್ಯ ಫೋನಿನ ಪರದೆಗೆ ತಿಳಿಯುವುದಿಲ್ಲ. ಅದಕ್ಕೇ ಅನೇಕರು ಮೊದಲು ನೋಟುಬುಕ್ಕಿನಲ್ಲಿ ಪೆನ್ಸಿಲಿನಿಂದ ಬರೆದು, ಅದರ ಫೋಟೋ ತೆಗೆದು, ಅದರ ಮೇಲೊಂದು ಪದರ ಹಾಸಿ ಗೆರೆ ತಿದ್ದುತ್ತಾರೆ. ಪದರ ಎಂದರೆ ಗಾಜಿನ ಹಾಳೆ ಇದ್ದಂತೆ. ಒಂದರ ಮೇಲೆ ಆಕಾಶ, ಇನ್ನೊಂದರ ಮೇಲೆ ಧೂಳು, ಮತ್ತೊಂದರ ಮೇಲೆ ಹೋರಿ. ಸಿಡಿಲು ಬೇಡವೆನಿಸಿದರೆ ಆ ಹಾಳೆಯನ್ನಷ್ಟೇ ಎತ್ತಿಟ್ಟರಾಯಿತು, ಹೋರಿಗೆ ಪೆಟ್ಟಾಗದು. (ಎತ್ತಿಡುವವರು ಕಡಿಮೆ. ಸಿಡಿಲಿಲ್ಲದ ಹೋರಿ ಚಿತ್ರ ಹುಡುಕುವುದೇ ಕಷ್ಟ!)

ಕಸೂತಿಯ ಲೆಕ್ಕ

ಇಂಥ ಚಿತ್ರದ ಒಳಗುಟ್ಟು ತಿಳಿಯಲು ದೂರ ಹೋಗಬೇಕಿಲ್ಲ. ಧಾರವಾಡ ಸೀಮೆಯ ಹೆಣ್ಣುಮಕ್ಕಳು ಇಳಕಲ್ ಸೀರೆಯ ಮೇಲೆ ಹಾಕುತ್ತ ಬಂದ ಕಸೂತಿಯನ್ನು ನೋಡಿದರೆ ಸಾಕು. ಗಾವಂತಿ, ಮುರ್ಗಿ, ನೇಯ್ಗಿ, ಮೆಂತೆ ಎಂಬ ನಾಲ್ಕು ಹೊಲಿಗೆಗಳಲ್ಲಿ ಗೋಪುರ, ತುಳಸಿಕಟ್ಟೆ, ಆನೆ ಅಂಬಾರಿ ಮೂಡುತ್ತವೆ. ಬಟ್ಟೆಯ ಮೇಲೆ ಮೊದಲು ಚಿತ್ರ ಬರೆದುಕೊಳ್ಳುವ ಪದ್ಧತಿಯಿಲ್ಲ. ಎಳೆ ಎಣಿಸಿ ಸೂಜಿ ಹಾಕಬೇಕು. ಆನೆಯ ಸೊಂಡಿಲು ಎಲ್ಲಿ ಬಾಗಬೇಕೆಂಬುದು ಕಣ್ಣಿನ ಅಂದಾಜಲ್ಲ, ಎಳೆಗಳ ಲೆಕ್ಕ. ಫೋನಿನ ಪರದೆಯೂ ಹೀಗೆ ಅಡ್ಡ, ಉದ್ದ ಹೆಣೆದ ಚೌಕಗಳ ಬಟ್ಟೆಯೇ. ಒಂದೊಂದು ಚೌಕವೂ ಒಂದು ಪಿಕ್ಸೆಲ್. ವ್ಯತ್ಯಾಸವೆಂದರೆ ಅಜ್ಜಿ ತಾನೇ ಎಣಿಸುತ್ತಿದ್ದಳು, ಮೊಮ್ಮಗನ ಬದಲು ಯಂತ್ರ ಎಣಿಸುತ್ತದೆ.

ಎಣಿಕೆ ಮರೆತರೆ ಪೆಟ್ಟು ಬೀಳುವುದು ಮುದ್ರಣದ ಹೊತ್ತಿಗೆ. ಅಡ್ಡಕ್ಕೆ 1080, ಉದ್ದಕ್ಕೆ 1080 ಚೌಕಗಳ ಚಿತ್ರವೆಂದಿಟ್ಟುಕೊಳ್ಳಿ. ಒಟ್ಟು 11,66,400 ಚುಕ್ಕೆಗಳಾದವು. ಅಂಗೈಯಗಲದ ಪರದೆಗೆ ಇದು ಧಾರಾಳ. ಅದನ್ನೇ 6 ಅಡಿ ಫ್ಲೆಕ್ಸಿಗೆ ಹಿಗ್ಗಿಸಿದರೆ ಒಂದು ಅಂಗುಲಕ್ಕೆ ಬರೀ 15 ಚುಕ್ಕೆ. ಪುಸ್ತಕದ ಮುದ್ರಣಕ್ಕೆ ಅಂಗುಲಕ್ಕೆ 300 ಚುಕ್ಕೆ ಕೇಳುತ್ತಾರೆ. ದೂರದಿಂದ ನೋಡುವ ಫ್ಲೆಕ್ಸಿಗೆ ಅಷ್ಟು ಬೇಡವಾದರೂ 15 ಬಹಳ ಕಡಿಮೆ. ಹೋರಿಯ ಕಣ್ಣು ಮೆಟ್ಟಿಲು ಮೆಟ್ಟಿಲಾಗಿ ಕಾಣುತ್ತದೆ. ಬಣ್ಣದ್ದು ಇನ್ನೊಂದು ತಕರಾರು. ಪರದೆ ಬಣ್ಣ ತೋರಿಸುವುದು ಕೆಂಪು, ಹಸಿರು, ನೀಲಿ ಬೆಳಕನ್ನು ಬೆರೆಸಿ; ಮುದ್ರಣಯಂತ್ರ ಬೆರೆಸುವುದು ಶಾಯಿಯನ್ನು. ಪರದೆಯಲ್ಲಿ ಹೊಳೆಯುತ್ತಿದ್ದ ಗಿಳಿಹಸಿರು ಫ್ಲೆಕ್ಸಿನಲ್ಲಿ ಮಂಕಾದರೆ ಅಂಗಡಿಯವನನ್ನು ಬೈದು ಪ್ರಯೋಜನವಿಲ್ಲ.

ಅಕ್ಷರದ ಪಾಡು

ಹೋರಿ ಚಿತ್ರದಲ್ಲಿ ಅತಿ ಹೆಚ್ಚು ಬೆವರು ಹರಿಯುವುದು ಹೋರಿಗಲ್ಲ, ಅದರ ಹೆಸರಿಗೆ. ಅಕ್ಷರ ಉರಿಯಬೇಕು, ಸಿಡಿಯಬೇಕು, ಕನ್ನಡವೂ ಆಗಿರಬೇಕು. ಶೇಷಾದ್ರಿವಾಸು ಅವರ ಬರಹ 1998ರಲ್ಲಿ ಬಂತು. ಕನ್ನಡ ಗಣಕ ಪರಿಷತ್ತಿನ ನುಡಿ ಸರ್ಕಾರಿ ಕಚೇರಿಗಳನ್ನೆಲ್ಲ ಹೊಕ್ಕಿತು. ಆ ಕಾಲದ ಅಕ್ಷರಶೈಲಿಗಳಲ್ಲಿ ಒಂದು ಉಪಾಯವಿತ್ತು. ಇಂಗ್ಲಿಷ್ ಅಕ್ಷರಗಳಿಗೆ ಮೀಸಲಾದ ಮನೆಗಳಲ್ಲಿ ಕನ್ನಡ ಅಕ್ಷರದ ತುಣುಕುಗಳನ್ನು ಬಾಡಿಗೆಗೆ ಇಡುವುದು. ಅದೇ ಶೈಲಿ ಇಲ್ಲದ ಗಣಕದಲ್ಲಿ ಕಡತ ತೆರೆದರೆ ಕನ್ನಡ ಮಾಯವಾಗಿ ಇಂಗ್ಲಿಷಿನ ಕಸ ಕಾಣುತ್ತಿತ್ತು. ಯೂನಿಕೋಡ್ ತನ್ನ 1991ರ ಮೊದಲ ಆವೃತ್ತಿಯಲ್ಲೇ ಕನ್ನಡಕ್ಕೆ ಸ್ವಂತ ಮನೆ ಕೊಟ್ಟಿತು. ಆದರೆ ಚಿತ್ರ ಮಾಡುವ ತಂತ್ರಾಂಶಗಳು ಒತ್ತಕ್ಷರವನ್ನು ಕೆಳಗೆ ಕೂರಿಸಲು ಕಲಿಯುವುದಕ್ಕೆ ಬಹಳ ವರ್ಷ ಬೇಕಾಯಿತು. ಅಲ್ಲಿಯವರೆಗೆ ‘ಹಾನಗಲ್ಲ’ ಎಂದು ಬರೆದರೆ ‘ಲ್’ ಒಂದು ಕಡೆ, ‘ಲ’ ಒಂದು ಕಡೆ ಬೀಳುವುದು ಮಾಮೂಲಾಗಿತ್ತು.

ಹೀಗಾಗಿ ಮೆರುಗಿನ ಶೈಲಿಗಳು ಬಹಳಷ್ಟು ಹಳೆಯ ಬಾಡಿಗೆ ಪದ್ಧತಿಯಲ್ಲೇ ಉಳಿದವು. ಫೋನಿನ ಕೀಲಿಮಣೆಯಿಂದ ಬರುವುದು ಯೂನಿಕೋಡ್. ಹವ್ಯಾಸಿಗಳು ಮೊದಲು ಹೋರಿಯ ಹೆಸರನ್ನು ಯೂನಿಕೋಡಿನಲ್ಲಿ ಬೆರಳಚ್ಚಿಸಿ, ಪರಿವರ್ತಕದಲ್ಲಿ ಹಾಕಿ ಹಳೆಯ ಸಂಕೇತಕ್ಕೆ ಇಳಿಸಿ, ಆಮೇಲೆ ಆ್ಯಪಿಗೆ ಅಂಟಿಸುತ್ತಾರೆ. ಯಾರೂ ತರಗತಿಯಲ್ಲಿ ಹೇಳಿಕೊಡದ ಈ ವಿದ್ಯೆ ಗೆಳೆಯನಿಂದ ಗೆಳೆಯನಿಗೆ ದಾಟಿದ್ದು. ಈಚೆಗೆ ಬಲೂ ತಮ್ಮ, ಹುಬ್ಬಳ್ಳಿ, ವೈಷ್ಣವಿ ಮೂರ್ತಿ ಮತ್ತು ಸ್ಪೇನಿನ ಹ್ವಾನ್ ಲೂಯಿಸ್ ಬ್ಲಾಂಕೊ ರೂಪಿಸಿದ ಅಕಾಯಾ ಕನಡಕದಂಥ ಮುಕ್ತ ಯೂನಿಕೋಡ್ ಶೈಲಿಗಳು ಬಂದು ದಾರಿ ಸಲೀಸಾಗಿದೆ. ಯಾವುದೂ ಹಿಡಿಸದವರು ಅಕ್ಷರವನ್ನು ಕೈಯಲ್ಲೇ ಬರೆಯುತ್ತಾರೆ. ಗೋಡೆಯಿಂದ ಮರೆಯಾದ ಪೇಂಟರನ ಕೈ ನಿಜವಾಗಿ ಮುಂದುವರಿದಿರುವುದು ಇವರಲ್ಲಿ.

ಚಿತ್ರಕ್ಕೆ ಅಕ್ಷರ ಜೋಡಿಸುವುದು ಈ ನೆಲಕ್ಕೆ ಹೊಸತೇನಲ್ಲ. ಹಿರೇಕೆರೂರು ತಾಲ್ಲೂಕಿನ ಅಬಲೂರಿನ ಸೋಮೇಶ್ವರ ಗುಡಿಯಲ್ಲಿ ಏಕಾಂತದ ರಾಮಯ್ಯನ ಕಥೆಯ ಶಿಲ್ಪಗಳಿವೆ. ದೃಶ್ಯ ಯಾವುದೆಂದು ತಿಳಿಸುವ ಕನ್ನಡ ಬರಹವನ್ನೂ ಕಲ್ಲಿನಲ್ಲೇ ಕೊರೆದಿದ್ದಾರೆ. ಹಾನಗಲ್ಲ ತಾರಕೇಶ್ವರ ಗುಡಿಯ ಛಾವಣಿಯ ಬೃಹತ್ ಕಮಲವನ್ನು ಕೆಳಗೆ ನಿಂತು ನೋಡಿದವರಿಗೆ, ಒಂದು ದಳ ಬರೆದರೆ ಉಳಿದೆಲ್ಲ ದಳ ತಾನಾಗಿ ಮೂಡಿಸುವ ಆ್ಯಪಿನ ಸಮಮಿತಿ ಸಾಧನ ಥಟ್ಟನೆ ಅರ್ಥವಾದೀತು. ಸವಣೂರಿನ ಹೆಸರಾಂತ ದೊಡ್ಡಹುಣಸೆ ಮರದ ಉಬ್ಬು ತಗ್ಗಿನ ಬುಡ ಬರೆಯಲು ಹೊರಟರೆ ಮಾತ್ರ ಯಾವ ಸಾಧನವೂ ನೆರವಿಗೆ ಬಾರದು, ಕೈಯೇ ಪಳಗಬೇಕು. ಶಿಗ್ಗಾವಿ ತಾಲ್ಲೂಕಿನ ಗೊಟಗೋಡಿಯಲ್ಲಂತೂ, 2020ರಲ್ಲಿ ತೀರಿಕೊಂಡ ಕಲಾವಿದ ಟಿ.ಬಿ. ಸೊಲಬಕ್ಕನವರ ಉತ್ಸವ ರಾಕ್ ಗಾರ್ಡನ್ ಇದೆ. ರೊಟ್ಟಿ ಬಡಿಯುವ ಹೆಂಗಸು, ದನ ಮೇಯಿಸುವ ಹುಡುಗ, ಸಂತೆಗೆ ಹೊರಟವರು ಅಲ್ಲಿ ಆಳೆತ್ತರದ ಸಿಮೆಂಟಿನಲ್ಲಿ ನಿಂತಿದ್ದಾರೆ. ಹತ್ತಿರದ ಊರಿನ ಬದುಕೇ ವಸ್ತುವಾಗಬಲ್ಲದೆಂದು ಇದಕ್ಕಿಂತ ಚೆನ್ನಾಗಿ ತೋರಿಸುವುದು ಕಷ್ಟ. ಪರದೆಯ ಕಲಾವಿದರು ಹಾಲಿವುಡ್ಡಿನ ಸಿಡಿಲನ್ನು ಸ್ವಲ್ಪ ಬದಿಗಿಟ್ಟು ಆ ಕಡೆ ನೋಡಿದರೆ ಅವರ ಹೋರಿಗಳೂ ಇನ್ನಷ್ಟು ಹಾವೇರಿಯ ಹೋರಿಗಳಾದಾವು.

ಯಾರದ್ದು ಈ ಚಿತ್ರ?

ರಾತ್ರಿಯೆಲ್ಲ ಕೂತು ಮಾಡಿದ ಚಿತ್ರ ಬೆಳಗಾಗುವುದರೊಳಗೆ ಹತ್ತು ಗುಂಪು ಸುತ್ತಿರುತ್ತದೆ. ಮೂಲೆಯಲ್ಲಿ ಸಣ್ಣದಾಗಿ ಹಾಕಿದ ಹೆಸರನ್ನು ಯಾರೋ ಕತ್ತರಿಸಿರುತ್ತಾರೆ, ಮರುವರ್ಷ ಅದೇ ಚಿತ್ರಕ್ಕೆ ಬೇರೆ ಹೋರಿಯ ಹೆಸರು ಬಿದ್ದಿರುತ್ತದೆ. ಮೊಬೈಲಿನಲ್ಲಿ ಮಾಡಿದ ಚಿತ್ರಕ್ಕೆ ಹಕ್ಕೇನು ಬಂತು ಎಂಬ ಮಾತು ಸಾಮಾನ್ಯ. ಅದು ತಪ್ಪು. 1957ರ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ ಸ್ವಂತ ಚಿತ್ರ ರೂಪುಗೊಂಡ ಗಳಿಗೆಯಿಂದಲೇ ಹಕ್ಕು ಹುಟ್ಟುತ್ತದೆ, ನೋಂದಣಿ ಕಡ್ಡಾಯವಲ್ಲ. ಕರ್ತೃವಿನ ಜೀವಿತಾವಧಿ ಮತ್ತು ನಂತರದ 60 ವರ್ಷ ಅದು ಉಳಿಯುತ್ತದೆ. ಇದು ತನ್ನದೆಂದು ಹೇಳಿಕೊಳ್ಳುವ ಹಕ್ಕನ್ನು ಇದೇ ಕಾಯ್ದೆಯ 57ನೇ ಕಲಮು ಪ್ರತ್ಯೇಕವಾಗಿ ಕೊಡುತ್ತದೆ. ಇದರ ಇನ್ನೊಂದು ಮಗ್ಗುಲೂ ಇದೆ: ಛಾಯಾಗ್ರಾಹಕ ತೆಗೆದ ಹೋರಿಯ ಫೋಟೋವನ್ನು ಕೇಳದೆ ಎತ್ತಿಕೊಂಡರೆ ಹವ್ಯಾಸಿಯೂ ಅದೇ ಕಾಯ್ದೆಗೆ ಉತ್ತರಿಸಬೇಕು.

ಹೆಸರು ಹಾಕುವುದನ್ನು ಜಂಬವೆಂದು ತಿಳಿಯುವವರಿದ್ದಾರೆ. ಹಿರೇಕೆರೂರಿಗೆ ದೂರವಲ್ಲದ ಬಳ್ಳಿಗಾವಿಯ ದಾಸೋಜ ಮತ್ತು ಅವನ ಮಗ ಚಾವಣ 12ನೇ ಶತಮಾನದಲ್ಲಿ ಬೇಲೂರಿನ ತಮ್ಮ ಶಿಲ್ಪಗಳ ಬುಡದಲ್ಲಿ ಹೆಸರು ಕೊರೆದರು. ಹಾಗೆ ಮಾಡಿದ್ದಕ್ಕೇ ಅವರು ಯಾರೆಂದು ಇಂದು ಗೊತ್ತು. ಪರದೆಯ ಕಲಾವಿದರಿಗೂ ಇದೇ ಮಾರ್ಗ ಒಳ್ಳೆಯದು. ಸಹಿಯನ್ನು ಮೂಲೆಗೆ ತಳ್ಳದೆ ಝೂಲದ ಮಡಿಕೆಯಲ್ಲೋ ಕೊಂಬಿನ ಪಟ್ಟಿಯಲ್ಲೋ ಸೇರಿಸಿದರೆ, ಅದನ್ನು ಕತ್ತರಿಸಲು ಹೋರಿಯನ್ನೇ ಕತ್ತರಿಸಬೇಕಾಗುತ್ತದೆ.

2022ರಿಂದೀಚೆಗೆ ನಾಲ್ಕು ಸಾಲು ಬರೆದರೆ ಚಿತ್ರ ಕೊಡುವ ಕೃತಕ ಬುದ್ಧಿಮತ್ತೆಯ ತಂತ್ರಾಂಶಗಳು ಬಂದಿವೆ. ಮೊದಲು ಬಂದವು ಕನ್ನಡ ಅಕ್ಷರವನ್ನು ಜಿಲೇಬಿ ಮಾಡುತ್ತಿದ್ದವು, ಹಾಗಾಗಿ ಹೆಸರು ಬರೆಯುವ ಕೆಲಸ ಮನುಷ್ಯನ ಬಳಿಯೇ ಉಳಿಯಿತು. ಅದು ಎಷ್ಟು ದಿನವೋ. ಆದರೆ ತನ್ನೂರಿನ ಹೋರಿಯ ಹಣೆಯ ಸುಳಿ ಎಲ್ಲಿದೆ, ಯಾವ ಕೊಂಬು ಕೊಂಚ ಬಾಗಿದೆ ಎಂಬುದು ಅದನ್ನು ದಿನಾ ಕಂಡವನಿಗಷ್ಟೇ ಗೊತ್ತು. ಅಭಿಮಾನಿಗಳು ಮೊದಲು ನೋಡುವುದೂ ಅದನ್ನೇ.

ದೊಡ್ಡ ಅಪಾಯ ಬೇರೆಡೆ ಇದೆ. ಕಲ್ಲು ಉಳಿಯಿತು, ಕಸೂತಿಯ ಸೀರೆ ಪೆಟ್ಟಿಗೆಯಲ್ಲಿ ಉಳಿಯಿತು. ಈ ಚಿತ್ರಗಳು ಉಳಿಯುವುದಿಲ್ಲ. ಹಬ್ಬ ಮುಗಿದ ಮೇಲೆ ಫ್ಲೆಕ್ಸು ಮೇವಿನ ಬಣವೆಯ ಮೇಲೆ ಹೊದಿಕೆಯಾಗುತ್ತದೆ. ಫ್ಲೆಕ್ಸಿಗೇ ರಾಜ್ಯ ಸರ್ಕಾರ 2016ರಲ್ಲಿ ನಿಷೇಧ ಹೇರಿತು. 2022ರ ಜುಲೈನಿಂದ 100 ಮೈಕ್ರಾನ್‌ಗಿಂತ ತೆಳುವಾದ ಪಿವಿಸಿ ಬ್ಯಾನರುಗಳನ್ನು ದೇಶದಲ್ಲೆಡೆ ನಿಷೇಧಿಸಲಾಯಿತು. ವಾಟ್ಸ್ಆ್ಯಪಿನಲ್ಲಿ ಫೋಟೋ ಎಂದು ಕಳಿಸಿದ ಚಿತ್ರವನ್ನು ಅದು ಹಿಂಡಿ ಸಣ್ಣದು ಮಾಡುತ್ತದೆ. ಹಾಗೆ ಬಂದದ್ದನ್ನು ತಿದ್ದಿ ಜೆಪೆಗ್ ಆಗಿ ಮತ್ತೆ ಉಳಿಸಿದಷ್ಟೂ ಅಂಚುಗಳು ಮಸುಕಾಗುತ್ತ ಹೋಗುತ್ತವೆ. ಪದರಗಳಿರುವ ಮೂಲ ಕಡತ ಫೋನಿನಲ್ಲಷ್ಟೇ ಇರುತ್ತದೆ. ಫೋನು ಹೊಲದ ಕಾಲುವೆಗೆ ಬಿದ್ದರೆ ಐದು ವರ್ಷದ ಕೆಲಸವೂ ಅದರೊಂದಿಗೆ ಹೋಗುತ್ತದೆ. ಚಿತ್ರವನ್ನು ಡಾಕ್ಯುಮೆಂಟ್ ರೂಪದಲ್ಲಿ ಕಳಿಸುವುದು, ಮೂಲ ಕಡತದ ಇನ್ನೊಂದು ಪ್ರತಿಯನ್ನು ಪೆನ್‌ಡ್ರೈವಿನಲ್ಲಿ ಬೇರೆ ಮನೆಯಲ್ಲಿಡುವುದು, ಇವೆರಡಕ್ಕೆ ಹೆಚ್ಚು ಖರ್ಚಿಲ್ಲ.

ಒಬ್ಬೊಬ್ಬರೇ ಮಾಡುವುದಕ್ಕೂ ಮಿತಿಯಿದೆ. 2011ರಲ್ಲಿ ಸ್ಥಾಪನೆಯಾದ ಕರ್ನಾಟಕ ಜಾನಪದ ವಿಶ್ವವಿದ್ಯಾಲಯ ಇರುವುದು ಇದೇ ಗೊಟಗೋಡಿಯಲ್ಲಿ. ಹೋರಿ ಹಬ್ಬ ಜಾನಪದವಾದರೆ ಅದರ ಚಿತ್ರವೂ ಜಾನಪದವೇ. ಒಂದು ಟೆರಾಬೈಟಿನ ಡಿಸ್ಕಿನಲ್ಲಿ, ಒಂದೊಂದು ಚಿತ್ರಕ್ಕೆ 5 ಎಂಬಿ ಹಿಡಿದರೂ 2 ಲಕ್ಷ ಚಿತ್ರಗಳು ಕೂರುತ್ತವೆ. ಪ್ರತಿಯೊಂದರ ಜೊತೆ ಊರು, ಹೋರಿ, ವರ್ಷ, ಬರೆದವರ ಹೆಸರು ಎಂಬ ನಾಲ್ಕು ವಿವರ ಬರೆದಿಡಬೇಕು. ಮೊದಲ ಮೂರು ಚಿತ್ರದ ಮೇಲೇ ಸಿಗುತ್ತವೆ. ನಾಲ್ಕನೆಯದನ್ನು ಮಾತ್ರ ಊರಿಗೆ ಹೋಗಿ ಕೇಳಬೇಕು.