ಮಜ್ಜಿಗೆ ಕುಡಿದರೆ ಲಕ್ವ ಹೊಡೆಯುವುದಿಲ್ಲವಂತೆ!

ದಿನಾ ಒಂದು ಲೋಟ ಮಜ್ಜಿಗೆ ಕುಡಿಯುವವರ ನರಗಳಿಗೆ ರಕ್ಷಾಕವಚ ಕಟ್ಟಿಕೊಳ್ಳುತ್ತದಂತೆ, ಅವರಿಗೆ ಲಕ್ವ ಹೊಡೆಯುವುದೇ ಇಲ್ಲವಂತೆ. ಅದೂ ವಿಜ್ಞಾನಿಗಳೇ ಸಾಬೀತು ಮಾಡಿದ್ದಂತೆ! ಹಾಗಿದ್ದರೆ ಊಟದ ಕೊನೆಗೆ ಮಜ್ಜಿಗೆ ಅನ್ನ ಉಣ್ಣದಿದ್ದರೆ ಹೊಟ್ಟೆ ತುಂಬದ ನಮ್ಮ ಜನರಲ್ಲಿ ಪಾರ್ಶ್ವವಾಯು ಎಂದೋ ಅಳಿದುಹೋಗಬೇಕಿತ್ತು. ನರರೋಗದ ವಾರ್ಡುಗಳು ತುಂಬಿಯೇ ಇವೆ.

ಸಾಬೀತಾಗಿದ್ದು ಇಲಿಗಳಲ್ಲಿ. ಕೆಲವು ದಿನ ಇಲಿಗೆ ಕೆಫೀರ್ ಎಂಬ ಹುದುಗಿಸಿದ ಹಾಲನ್ನೋ ಮೊಸರಿನಲ್ಲಿರುವಂಥ ಲ್ಯಾಕ್ಟೋಬ್ಯಾಸಿಲಸ್ ಬ್ಯಾಕ್ಟೀರಿಯಾವನ್ನೋ ಕುಡಿಸುತ್ತಾರೆ. ಆಮೇಲೆ ಮಿದುಳಿಗೋ ಬೆನ್ನುಹುರಿಗೋ ರಕ್ತ ಒಯ್ಯುವ ನಾಳವನ್ನು ಒಂದಿಷ್ಟು ಹೊತ್ತು ಬಿಗಿದು ಬಿಟ್ಟು, ಎಷ್ಟು ನರಕೋಶ ಸತ್ತವು ಎಂದು ನೋಡುತ್ತಾರೆ. ಕುಡಿದ ಇಲಿಗಳಲ್ಲಿ ಹಾನಿ ತುಸು ಕಡಿಮೆ ಕಂಡರೆ ಒಂದು ಪ್ರಬಂಧ. ಪ್ರಾಮಾಣಿಕ ಕೆಲಸವೇ, ಅಡ್ಡಿಯಿಲ್ಲ. ಆದರೆ ಆ ಇಲಿಗಳು ಸಾಮಾನ್ಯವಾಗಿ ಎಳೆಯವು, ಆರೋಗ್ಯವಂತವು. ಅವಕ್ಕೆ ಬಿಪಿಯಿಲ್ಲ, ಶುಗರ್ ಇಲ್ಲ, ಬೀಡಿಯಂತೂ ಇಲ್ಲ.

ಇಲಿಯನ್ನು ಉಳಿಸಿದ್ದು ಮನುಷ್ಯನನ್ನೂ ಉಳಿಸಬೇಕೆಂದಿಲ್ಲ ಎಂಬ ಪಾಠ ಪಾರ್ಶ್ವವಾಯು ಸಂಶೋಧನೆಗೆ ಆದಷ್ಟು ಬೇರೆಲ್ಲೂ ಆಗಿಲ್ಲ. 2006ರಲ್ಲಿ ಸಂಶೋಧಕರು ಲೆಕ್ಕ ಹಾಕಿದಾಗ ಪಾರ್ಶ್ವವಾಯುವಿಗೆಂದು ಪ್ರಯೋಗಾಲಯದಲ್ಲಿ ಪರೀಕ್ಷೆಯಾದ ಚಿಕಿತ್ಸೆಗಳು 1,026. ಮನುಷ್ಯರ ಮೇಲೆ ಪ್ರಯೋಗವಾದವು 114. ಎನ್‌ಎಕ್ಸ್‌ವೈ-059 ಎಂಬ, ಇಲಿಗಳಲ್ಲಿ ಕೆಲಸ ಮಾಡಿದ್ದ ಔಷಧ ಅದೇ ವರ್ಷ ಮನುಷ್ಯರಲ್ಲೂ ಗೆದ್ದೇಬಿಟ್ಟಿತು ಎಂದುಕೊಂಡರು. ಮರುವರ್ಷ ಪ್ರಕಟವಾದ, ಮೂರು ಸಾವಿರಕ್ಕೂ ಹೆಚ್ಚು ರೋಗಿಗಳ ಪರೀಕ್ಷೆಯಲ್ಲಿ ಅದು ಔಷಧವೇ ಇಲ್ಲದ ಡ್ರಿಪ್ಪಿಗೆ ಸಮ ಎಂದಾಯಿತು. ಕೋಟಿಗಟ್ಟಲೆ ಸುರಿದು ತಯಾರಿಸಿದ ಔಷಧದ ಗತಿಯೇ ಇದು. ಇನ್ನು ಒಗ್ಗರಣೆ ಹಾಕಿದ ಮಜ್ಜಿಗೆ!

ಹುದುಗಿಸಿದ ಹಾಲಿನಲ್ಲಿ ರಕ್ತದೊತ್ತಡವನ್ನು ಒಂದಿಷ್ಟು ಇಳಿಸಬಹುದಾದ ಪೆಪ್ಟೈಡ್‌ಗಳಿವೆ, ನಿಜ. ಪರಿಣಾಮ ಸಣ್ಣದು, ಅದರ ಬಗ್ಗೆಯೂ ಒಮ್ಮತವಿಲ್ಲ. ಅದನ್ನೇ ನಂಬಿ ಬಿಪಿ ಮಾತ್ರೆ ಬಿಟ್ಟು, ಮಜ್ಜಿಗೆಗೆ ಧಾರಾಳ ಉಪ್ಪು ಬೆರೆಸಿ, ಪಕ್ಕದಲ್ಲಿ ನಾಲ್ಕು ಮಜ್ಜಿಗೆ ಮೆಣಸು ಕರಿದಿಟ್ಟುಕೊಂಡು ಕೂರುವವರಿಗೆ ಏನು ಹೇಳುವುದು?

ಮೊಸರು-ಮಜ್ಜಿಗೆಯ ಉಳಿದ ನಂಬಿಕೆಗಳಿಗೆ ಒಂದೊಂದು ಮಾತು ಸಾಕು. ಮೊಸರುಂಡರೆ ಬಿ12 ಕೊರತೆ ಬರದು ಎನ್ನುತ್ತಾರೆ: 100 ಗ್ರಾಂ ಮೊಸರಿನಲ್ಲಿ ಸಿಗುವುದು ಅರ್ಧ ಮೈಕ್ರೋಗ್ರಾಂ ಆಸುಪಾಸು, ದಿನಕ್ಕೆ ಬೇಕಾದದ್ದು ಎರಡಕ್ಕಿಂತ ಹೆಚ್ಚು. ಬಿ12 ಹೀರಿಕೆಯನ್ನು ತಗ್ಗಿಸಬಲ್ಲ ಮಧುಮೇಹದ ಮಾತ್ರೆ ಮೆಟ್‌ಫಾರ್ಮಿನ್ ನುಂಗುವವರ ಪಾದ ಜೋಮು ಹಿಡಿಯುತ್ತಿದ್ದರೆ ರಕ್ತಪರೀಕ್ಷೆ ಮಾಡಿಸಬೇಕು, ಇನ್ನೊಂದು ಬಟ್ಟಲು ಮೊಸರಲ್ಲ. ಮೊಸರುಂಡರೆ ಕರುಳಿನಲ್ಲಿ ಸೆರೊಟೋನಿನ್ ಎಂಬ ನರರಾಸಾಯನಿಕ ತಯಾರಾಗಿ ಮಿದುಳಿಗೆ ಏರುತ್ತದೆ ಎಂಬುದೂ ಸುಳ್ಳು; ರಕ್ತಕ್ಕೂ ಮಿದುಳಿಗೂ ನಡುವಿನ ತಡೆಗೋಡೆ ಅದನ್ನು ಬಿಡುವುದಿಲ್ಲ. ರಾತ್ರಿ ಮೊಸರು ತಿಂದರೆ ನರ ದುರ್ಬಲವಾಗುತ್ತದೆ ಎನ್ನುವವರೂ ಇದ್ದಾರೆ. ಅದೇ ಮೊಸರು ಹಗಲು ಕವಚ, ರಾತ್ರಿ ವಿಷ!

ಈ ಮರುಳು ನಮ್ಮದಷ್ಟೇ ಅಲ್ಲ. ಬಲ್ಗೇರಿಯಾದ ಹುಳಿಹಾಲು ಆಯಸ್ಸು ಹೆಚ್ಚಿಸುತ್ತದೆಂದು 1908ರ ನೊಬೆಲ್ ವಿಜೇತ ಮೆಚ್ನಿಕಾಫ್ ಹೇಳಿದ್ದೇ ತಡ, ಯುರೋಪಿಗೆ ಯುರೋಪೇ ಅದರ ಹಿಂದೆ ಬಿತ್ತು. ಅವರು ತೀರಿಕೊಂಡದ್ದು 71ಕ್ಕೆ. ವೈದ್ಯರು ಉಪ್ಪು ಕಡಿಮೆ ಮಾಡಿ, ಹೊಗೆಸೊಪ್ಪು ಬಿಡಿ ಎಂದು ಸಾವಿರ ಸಲ ಹೇಳಿದರೂ ಕೇಳದವರು, ಯಾರೋ ಒಂದು ಲೋಟದ ಮದ್ದು ಹೇಳಿದರೆ ಪ್ರಶ್ನೆಯನ್ನೇ ಕೇಳುವುದಿಲ್ಲ. ಏನನ್ನೂ ಬಿಡಬೇಕಿಲ್ಲ ಎನ್ನುವ ಸಲಹೆಯಷ್ಟು ರುಚಿ ಯಾವ ಮಜ್ಜಿಗೆಗೂ ಇಲ್ಲ.

ಮಜ್ಜಿಗೆ ಕುಡಿಯಿರಿ, ಯಾರು ಬೇಡವೆಂದರು? ಆದರೆ ಮನೆಯಲ್ಲಿ ಯಾರದಾದರೂ ಬಾಯಿ ಸೊಟ್ಟಗಾಗಿ, ಮಾತು ತೊದಲಿ, ಒಂದು ಕೈ ಸೋತು ಬಿದ್ದರೆ ಅವರ ಬಾಯಿಗೆ ಮಜ್ಜಿಗೆಯನ್ನಾಗಲಿ ನೀರನ್ನಾಗಲಿ ಹಾಕಬೇಡಿ. ನುಂಗುವ ಶಕ್ತಿ ಕುಂದಿರಬಹುದು, ಕುಡಿಸಿದ್ದು ಶ್ವಾಸಕೋಶಕ್ಕೆ ಇಳಿಯಬಹುದು. 108ಕ್ಕೆ ಕರೆ ಮಾಡಿ, ಸಿಟಿ ಸ್ಕ್ಯಾನ್ ಇರುವ ಆಸ್ಪತ್ರೆಗೆ ಒಯ್ಯಿರಿ. ಹೆಪ್ಪು ಕರಗಿಸುವ ಚುಚ್ಚುಮದ್ದಿಗೆ ಇರುವ ಗಡುವು ಲಕ್ಷಣ ಶುರುವಾದಲ್ಲಿಂದ ಸಾಮಾನ್ಯವಾಗಿ ನಾಲ್ಕೂವರೆ ಗಂಟೆ.