ಸುದ್ದಿಯೋ, ಪ್ರಶಸ್ತಿಯೋ?

ಅಮೇರಿಕೆಯ ‘ಟೈಮ್’ ಪತ್ರಿಕೆಯು 1927ರಿಂದ ವರುಷ ವರುಷವೂ ‘ವರ್ಷದ ವ್ಯಕ್ತಿ’ಯನ್ನು ಆರಿಸುತ್ತ ಬಂದಿದೆ. 1930ರಲ್ಲಿ ಆ ಸ್ಥಾನವು ಉಪ್ಪಿನ ಸತ್ಯಾಗ್ರಹವನ್ನು ನಡೆಯಿಸಿದ ಮಹಾತ್ಮಾ ಗಾಂಧಿಯವರಿಗೆ ಸಂದಿತು; 1938ರಲ್ಲಿ ಹಿಟ್ಲರನಿಗೆ! ಒಂದೇ ಪೀಠದಲ್ಲಿ ಇವರಿಬ್ಬರೇ ಎಂದು ವಾಚಕರು ಬೆರಗಾಗಬಹುದು. ಆದರೆ ಅಲ್ಲಿಯ ಅಳತೆಗೋಲು ಪ್ರಭಾವವೇ ಹೊರತು ಗುಣವಲ್ಲ.

ನಮ್ಮ ನಾಡಿನ ರೂಢಿ ಬೇರೆ. ತೇರದಾಳದ 12ನೆಯ ಶತಮಾನದ ಶಾಸನವು ಮಂಡಲಿಕ ಗೊಂಕನನ್ನು ಸ್ಮರಿಸುವುದು ನೇಮಿನಾಥ ಬಸದಿಯನ್ನು ಕಟ್ಟಿಸಿದುದಕ್ಕಾಗಿ. ದಂಡಿಯಾತ್ರೆಯಲ್ಲಿ ಬಾಪೂಜಿಯವರೊಡನೆ ನಡೆದ ಮೋಟೆಬೆನ್ನೂರಿನ ಮೈಲಾರ ಮಹಾದೇವನು ಜಗತ್ತಿನ ಪತ್ರಿಕೆಗಳಲ್ಲಿ ಮೆರೆಯಲಿಲ್ಲ. 1943ರಲ್ಲಿ ನಾಡಿಗಾಗಿ ಪ್ರಾಣವನ್ನೇ ತೆತ್ತನು.

ಸುದ್ದಿ ಮಾಡಿದವರನ್ನು ಎಣಿಸುವುದು ಪತ್ರಿಕೆಗಳ ಧರ್ಮವೇ ಸರಿ. ಪ್ರಶಸ್ತಿಯನ್ನು ಕೊಡುವಾಗಲಾದರೋ, ಎಷ್ಟು ಸದ್ದಾಯಿತೆಂದಲ್ಲ, ಜನಕ್ಕೆ ಏನು ಉಳಿಯಿತೆಂದು ಕೇಳತಕ್ಕದ್ದು.